ಬಂಡೀಪುರ, ನಾಗರಹೊಳೆ: ಸಫಾರಿಗೆ ಹೊರಡುವ ಮುನ್ನ

'ಸಫಾರಿ' ಎಂಬುದು ಸ್ವಾಹಿಲಿ ಭಾಷೆಯಿಂದ ಬಂದ ಪದ. ಯಾನ ಎಂಬುದು ಅದರ ಅರ್ಥ. ಹಿಂದಿ, ಉರ್ದುಗಳಲ್ಲಿ ನಾವು ನಿತ್ಯ ಕೇಳುವ 'ಸಫರ್' ಪದಕ್ಕೂ ಇದಕ್ಕೂ ಅರಬ್ಬಿಯೇ ಮೂಲ. ಒಂದು ಕಾಲದಲ್ಲಿ ಬೇಟೆಯ ಪ್ರವಾಸವನ್ನು ಸೂಚಿಸುತ್ತಿದ್ದ ಈ ಮಾತು ಇಂದು ವನ್ಯಜೀವಿಗಳನ್ನು ಅವುಗಳ ನೆಲೆಯಲ್ಲಿಯೇ ನೋಡಿಬರುವುದಕ್ಕೆ ಸಲ್ಲುತ್ತಿದೆ. ರಜೆಯಲ್ಲಿ ಊರಿಗೆ ತೆರಳುವ ನಮ್ಮ ಹೊರನಾಡ ಕನ್ನಡಿಗರು ಮೈಸೂರಿನೊಂದಿಗೆ ಬಂಡೀಪುರ, ನಾಗರಹೊಳೆಗಳನ್ನೂ ಸಂದರ್ಶಿಸುವುದುಂಟು. ಅವರಿಗಾಗಿ ಈ ಕಿರು ಪರಿಚಯ.

ಬೇಟೆಯಿಂದ ರಕ್ಷಣೆಯವರೆಗೆ

ಈ ಎರಡೂ ಕಾಡುಗಳು ಮೈಸೂರು ಅರಸರ ಮೃಗಯಾವಿಹಾರದ ತಾಣಗಳಾಗಿದ್ದವು. ಬಂಡೀಪುರದಲ್ಲಿ 1931ರಲ್ಲಿ ಮಹಾರಾಜರು ಸುಮಾರು 90 ಚದರ ಕಿಲೋಮೀಟರ್ ಪ್ರದೇಶವನ್ನು ರಕ್ಷಿತ ವನವಾಗಿಸಿದರು. 1941ರಲ್ಲಿ ಅದು ವೇಣುಗೋಪಾಲ ವನ್ಯಜೀವಿ ಉದ್ಯಾನವಾಗಿ ವಿಸ್ತಾರಗೊಂಡಿತು. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ದೇಶದ ಮೊದಲ ಒಂಬತ್ತು ತಾಣಗಳಲ್ಲಿ ಬಂಡೀಪುರವೂ ಒಂದಾಗಿತ್ತು. ನಾಗರಹೊಳೆ 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಮಾಸ್ತಿಯವರ ನಾಟಕದಿಂದ ಕನ್ನಡಿಗರಿಗೆ ಚಿರಪರಿಚಿತವಾದ ಕಾಕನಕೋಟೆಯಲ್ಲಿ ಕಾಡಾನೆಗಳನ್ನು ಹಿಡಿಯುವ ಖೆಡ್ಡಾ 1971ರಲ್ಲಿ ಕೊನೆಯ ಬಾರಿ ನಡೆಯಿತು. ಮರುವರ್ಷವೇ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಿತು.

ಏನನ್ನು ನೋಡಬೇಕು?

ಎರಡು ಕಾಡುಗಳ ನಡುವೆ ಕಬಿನಿ ಹರಿಯುತ್ತದೆ. ಬೇಸಿಗೆಯಲ್ಲಿ ಜಲಾಶಯದ ನೀರು ತಗ್ಗಿದಾಗ ತೆರವಾದ ನೆಲದಲ್ಲಿ ಹಸಿರು ಹುಲ್ಲು ಚಿಗುರುತ್ತದೆ. ಸುತ್ತಲಿನ ಆನೆಹಿಂಡುಗಳು ನೀರನ್ನೂ ಮೇವನ್ನೂ ಅರಸಿ ಅಲ್ಲಿಗೆ ಇಳಿಯುತ್ತವೆ. ಹಿಂಡಿನ ಮುಂದಾಳು ಸಾಮಾನ್ಯವಾಗಿ ಹಿರಿಯ ಹೆಣ್ಣಾನೆ.

2022ರ ಗಣತಿಯಲ್ಲಿ ಕರ್ನಾಟಕದ ಹುಲಿಗಳ ಅಂದಾಜು ಸಂಖ್ಯೆ 563. ಆದರೂ ಹುಲಿಯ ದರ್ಶನ ಯಾರಿಗೂ ಖಚಿತವಲ್ಲ. ಕಾಣದಿದ್ದರೆ ಸಫಾರಿ ವ್ಯರ್ಥವಾಯಿತೆಂದು ಮಕ್ಕಳೆದುರು ಆಡದಿರೋಣ. ಮರದ ಮೇಲಿನ ಮುಸುವವು ಹಠಾತ್ತನೆ ಕೂಗಿದರೆ, ಜಿಂಕೆಗಳು ಕಿವಿ ನಿಗುರಿಸಿ ಒಂದೇ ದಿಕ್ಕಿಗೆ ನೋಡಿದರೆ, ಕಡವೆ ನೆಲಕ್ಕೆ ಕಾಲು ಬಡಿದರೆ, ಬೇಟೆಯ ಪ್ರಾಣಿ ಸಮೀಪದಲ್ಲಿದೆ ಎಂದು ಅರ್ಥ. ಕಾಡಿನ ಈ ಭಾಷೆಯನ್ನು ಕೇಳಿಸಿಕೊಳ್ಳಲು ನಾವು ಮೌನವಾಗಿರಬೇಕಷ್ಟೆ. ಕಾಟಿ, ಸೀಳುನಾಯಿ, ನವಿಲು, ತೇಗ, ಮತ್ತಿ, ಬೀಟೆ ಇವೆಲ್ಲವೂ ನೋಡತಕ್ಕವುಗಳೇ.

ಕಾಡಂಚಿನ ಬದುಕು

ಈ ಕಾಡುಗಳು ಜೇನುಕುರುಬ, ಬೆಟ್ಟಕುರುಬ ಮೊದಲಾದ ಸಮುದಾಯಗಳ ತವರು. ಅಂಚಿನ ಹಳ್ಳಿಗಳಲ್ಲಿ ರೈತರು ಆನೆಗಳಿಂದ ಬೆಳೆ ಕಾಯಲು ರಾತ್ರಿಯೆಲ್ಲ ಎಚ್ಚರವಿರುತ್ತಾರೆ. ಮೈಸೂರು ಜಿಲ್ಲೆಯ ಕಾಡಂಚಿನಲ್ಲಿ ಹುಲಿದಾಳಿಗೆ ರೈತರು ಬಲಿಯಾದಾಗ, 2025ರ ನವೆಂಬರಿನಲ್ಲಿ ಸರ್ಕಾರವು ಎರಡೂ ಕಡೆ ಸಫಾರಿಯನ್ನು ನಿಲ್ಲಿಸಿ, ಸಿಬ್ಬಂದಿಯನ್ನು ಹುಲಿಗಳ ಶೋಧಕ್ಕೆ ತೊಡಗಿಸಲು ಆದೇಶಿಸಿತು. ನಮಗೆ ಎರಡು ಗಂಟೆಯ ರೋಮಾಂಚನವಾದ ಪ್ರಾಣಿ ಅಲ್ಲಿನವರಿಗೆ ನಿತ್ಯದ ಭಯವೂ ಹೌದು. ಹುಲಿ ಉಳಿಯಬೇಕಾದರೆ ಅದರ ನೆರೆಯವರ ಸಹನೆಯೂ ಉಳಿಯಬೇಕು. ಅವರ ನಷ್ಟಕ್ಕೆ ತಕ್ಕ ಪರಿಹಾರ ಸಕಾಲದಲ್ಲಿ ದೊರೆಯಬೇಕೆಂದು ಕೇಳುವುದು ಪ್ರವಾಸಿಗರಾದ ನಮ್ಮ ಹೊಣೆಯೂ ಆಗಿದೆ.

ಪಾಲಿಸಬೇಕಾದ ನಿಯಮಗಳು

ಹೊರಡುವ ಮುನ್ನ ಸಫಾರಿ ನಡೆಯುತ್ತಿದೆಯೇ ಎಂದು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ ಮುಂಗಡ ಕಾದಿರಿಸಿರಿ. ಮಾಸಲು ಬಣ್ಣದ ಉಡುಪು ಧರಿಸಿರಿ. ವಾಹನದಿಂದ ಇಳಿಯಬೇಡಿ, ಪ್ರಾಣಿಗಳಿಗೆ ತಿಂಡಿ ಎಸೆಯಬೇಡಿ, ಪ್ಲಾಸ್ಟಿಕ್ ಬಿಟ್ಟುಬರಬೇಡಿ. ಹತ್ತಿರ ಹೋಗುವಂತೆ ಚಾಲಕರನ್ನು ಒತ್ತಾಯಿಸಬೇಡಿ. ಬಂಡೀಪುರದ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರಕ್ಕೆ ನಿರ್ಬಂಧವಿದೆ. ಕತ್ತಲಲ್ಲಿ ರಸ್ತೆ ದಾಟುವ ಪ್ರಾಣಿಗಳು ವಾಹನಗಳಿಗೆ ಸಿಕ್ಕಿ ಸಾಯುತ್ತಿದ್ದುದೇ ಇದಕ್ಕೆ ಕಾರಣ.

ಪರರ ಮನೆಗೆ ಹೋದಾಗ ದನಿ ತಗ್ಗಿಸಿ ಮಾತನಾಡಬೇಕೆಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಕಾಡಿನಲ್ಲಿಯೂ ಅದೇ ಪಾಠ ಸಾಕು.