ಆರ್ಗನ್ ನುಡಿಸಿದವನ ಪಾಲು

ಮೂವತ್ತೆಂಟು ವರ್ಷ ಸುಮ್ಮನಿದ್ದು ಬಂದವನಿಗೆ ಹಾಡಿನ ಮೇಲೆ ಹಕ್ಕುಂಟೇ? ಬ್ರಿಟನ್ನಿನ ಮೂರು ನ್ಯಾಯಪೀಠಗಳ ಮುಂದೆ ಈ ಪ್ರಶ್ನೆ ಇಟ್ಟದ್ದು ‘ಎ ವೈಟರ್ ಶೇಡ್ ಆಫ್ ಪೇಲ್’ ಎಂಬ ರಾಕ್ ಗೀತೆ.

ಪ್ರೊಕಾಲ್ ಹಾರಂ ತಂಡ ಇದನ್ನು ಹೊರತಂದದ್ದು 1967ರ ಮೇ ತಿಂಗಳಲ್ಲಿ. ಸಾಹಿತ್ಯ ಕೀತ್ ರೀಡ್ ಅವರದು. ರಾಗ ಹಾಕಿ ಹಾಡಿದವರು ಗ್ಯಾರಿ ಬ್ರೂಕರ್. ಕನಸಿನಂತೆ ಚದುರಿದ ಚಿತ್ರಗಳ ಆ ಸಾಲುಗಳಿಗೆ ಅರ್ಥ ಹುಡುಕಿ ಸೋತವರೇ ಹೆಚ್ಚು. ಸೈಕೆಡೆಲಿಕ್ ಸಂಗೀತದ ಅಮಲಿನಲ್ಲಿದ್ದ ಆ ಬೇಸಿಗೆಗೆ ಅದೇ ರುಚಿಸಿತು. ಬ್ರಿಟನ್ನಿನಲ್ಲಿ ಹಾಡಿಗೆ ಆರು ವಾರ ಮೊದಲ ಸ್ಥಾನ.

ಆದರೆ ಕೇಳುಗರ ಕಿವಿಯಲ್ಲಿ ನಿಂತದ್ದು ಮಾತಲ್ಲ, ಆರಂಭದಲ್ಲೇ ತೇಲಿಬರುವ ಹ್ಯಾಮಂಡ್ ಆರ್ಗನ್ನಿನ ನಾದ. ಬಾಖ್‌ನ ನೆರಳು ಅದರ ಮೇಲಿದೆ, ನಿಜ, ಹಾಗೆಂದು ನಕಲೇನಲ್ಲ. ನುಡಿಸಿದವರು ಮ್ಯಾಥ್ಯೂ ಫಿಶರ್. ಹಾಡು ರಚಿಸಿದವರ ಸಾಲಿನಲ್ಲಿ ಅವರ ಹೆಸರೇ ಇರಲಿಲ್ಲ.

2005ರಲ್ಲಿ ಫಿಶರ್ ದಾವೆ ಹೂಡಿದರು. ಮರುವರ್ಷ ಹೈಕೋರ್ಟ್ ಅವರಿಗೆ ಸಂಗೀತದ ಹಕ್ಕಿನಲ್ಲಿ ಶೇ 40 ಪಾಲು ಕೊಟ್ಟಿತು. 2008ರಲ್ಲಿ ಮೇಲ್ಮನವಿ ನ್ಯಾಯಾಲಯ, ತಡವಾಗಿ ಬಂದಿರಿ ಎಂದು, ಹೆಸರನ್ನು ಉಳಿಸಿ ಹಣವನ್ನು ತಪ್ಪಿಸಿತು. ಹೆಸರುಂಟು, ಪಾಲಿಲ್ಲ ಎಂದರೆ ಅದೆಂಥ ಒಡೆತನ? 2009ರ ಜುಲೈಯಲ್ಲಿ ಹೌಸ್ ಆಫ್ ಲಾರ್ಡ್ಸ್‌ನ ಐವರು ನ್ಯಾಯಮೂರ್ತಿಗಳು ಒಮ್ಮತದಿಂದ ಪಾಲನ್ನು ಮರಳಿಸಿದರು. ಕೃತಿಸ್ವಾಮ್ಯ ಕೇಳಲು ಕಾನೂನಿನಲ್ಲಿ ಕಾಲಮಿತಿ ಇಲ್ಲ ಎಂಬುದು ಅವರ ನಿಲುವು.

ಹಣದ ಲೆಕ್ಕ ಮಾತ್ರ ದಾವೆ ಹೂಡಿದ 2005ರಿಂದ ಮುಂದಕ್ಕೆ. ಹಾಡು ಜಗತ್ತೆಲ್ಲ ಸುತ್ತಿ ಬಂದ ಅದಕ್ಕೂ ಹಿಂದಿನ ವರ್ಷಗಳ ಪಾಲು ಫಿಶರ್ ಕೈಸೇರಲಿಲ್ಲ.