ಇ-ಮೇಲ್ ಸಹಿಯಲ್ಲಿ ಚಿತ್ರ ಸೇರಿಸುವುದು: ಅರ್ಜಿದಾರರ ಮಾಹಿತಿಗಾಗಿ

ಅನ್ವಯ: ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ನಾಗರಿಕರು, ಸ್ವಸಹಾಯ ಸಂಘಗಳು ಹಾಗೂ ಸಹಕಾರ ಸಂಘಗಳು

ಸರ್ಕಾರಿ ಕಚೇರಿಗಳೊಂದಿಗೆ ಇ-ಮೇಲ್ ಮೂಲಕ ಪತ್ರವ್ಯವಹಾರ ನಡೆಸುವವರು ಪತ್ರದ ಕೊನೆಯಲ್ಲಿ ಹೆಸರು, ವಿಳಾಸ ಹಾಗೂ ಸಂಘದ ಲಾಂಛನವು ತಾನಾಗಿಯೇ ಮೂಡುವಂತೆ ವ್ಯವಸ್ಥೆ ಮಾಡಿಕೊಳ್ಳಬಹುದಾಗಿದೆ. ಈ ಭಾಗವನ್ನು ಇ-ಮೇಲ್ ಸಹಿ ಎಂದು ಕರೆಯಲಾಗುತ್ತದೆ. ಹೆಸರಿನಲ್ಲಿ ಸಹಿ ಎಂದಿದ್ದರೂ ಇದು ಕಾನೂನಿನ ದೃಷ್ಟಿಯಲ್ಲಿ ಅರ್ಜಿದಾರರ ಸಹಿಯಾಗುವುದಿಲ್ಲ. ಈ ವ್ಯತ್ಯಾಸವನ್ನು ಅರಿಯದೆ ಅರ್ಜಿಗಳು ವಿಳಂಬವಾಗದಿರಲೆಂದು ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ಚಿತ್ರ ಸೇರಿಸುವ ಕ್ರಮ

ಜಿಮೇಲ್ ಬಳಸುವವರು ಕಂಪ್ಯೂಟರಿನಲ್ಲಿ ಈ ಕ್ರಮವನ್ನು ಅನುಸರಿಸತಕ್ಕದ್ದು.

ಅ) ಪರದೆಯ ಮೇಲ್ಭಾಗದ ಬಲಗಡೆ ಇರುವ ಹಲ್ಲುಚಕ್ರದ ಗುರುತನ್ನು ಒತ್ತಿ, ಎಲ್ಲ ಸೆಟ್ಟಿಂಗ್‌ಗಳನ್ನು ತೆರೆಯುವುದು.
ಆ) ಸಾಮಾನ್ಯ ವಿಭಾಗದಲ್ಲಿ ಕೆಳಗೆ ಸಾಗಿ, ಸಹಿ ಎಂಬಲ್ಲಿ ಹೊಸ ಸಹಿಯನ್ನು ರಚಿಸಿ ಅದಕ್ಕೊಂದು ಹೆಸರು ಕೊಡುವುದು.
ಇ) ಪೆಟ್ಟಿಗೆಯಲ್ಲಿ ಹೆಸರು, ವಿಳಾಸ ಮತ್ತು ದೂರವಾಣಿ ಸಂಖ್ಯೆಯನ್ನು ಅಕ್ಷರಗಳಲ್ಲಿ ಟೈಪ್ ಮಾಡುವುದು.
ಈ) ಚಿತ್ರದ ಗುರುತನ್ನು ಒತ್ತಿ, ಚಿತ್ರವನ್ನು ಆಯ್ದು ಸೇರಿಸುವುದು. ಸೇರಿದ ಚಿತ್ರದ ಮೇಲೆ ಒತ್ತಿದಾಗ ಕಾಣುವ ಆಯ್ಕೆಗಳಲ್ಲಿ ಸಣ್ಣ ಗಾತ್ರವನ್ನು ಆರಿಸುವುದು.
ಉ) ಹೊಸ ಪತ್ರಕ್ಕೂ ಉತ್ತರ ಪತ್ರಕ್ಕೂ ಈ ಸಹಿ ಬರಬೇಕೇ ಎಂಬುದನ್ನು ಸೂಚಿಸಿ, ಪುಟದ ಕೊನೆಯಲ್ಲಿ ಬದಲಾವಣೆಗಳನ್ನು ಉಳಿಸುವುದು. ಉಳಿಸದೆ ಹೊರಬಂದಲ್ಲಿ ಮಾಡಿದ ಕೆಲಸ ವ್ಯರ್ಥವಾಗುತ್ತದೆ.

2. ಸಂಪರ್ಕ ವಿವರಗಳು ಅಕ್ಷರಗಳಲ್ಲಿಯೇ ಇರಬೇಕು

ಹಿಂದೆ ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಟೈಪ್ ಮಾಡಿದ ಕನ್ನಡವು, ಆ ಶೈಲಿಗಳಿಲ್ಲದ ಕಂಪ್ಯೂಟರಿನಲ್ಲಿ ಅರ್ಥವಾಗದ ಚಿಹ್ನೆಗಳಾಗಿ ಕಾಣುತ್ತಿತ್ತು. ಆದಕಾರಣ ಹೆಸರು ಮತ್ತು ವಿಳಾಸವನ್ನು ಚಿತ್ರವಾಗಿಸಿ ಕಳುಹಿಸುವುದುಂಟು. ಯೂನಿಕೋಡ್ ಬಳಕೆಗೆ ಬಂದ ನಂತರ ಇದರ ಅಗತ್ಯವಿಲ್ಲ. ಗಡಿಭಾಗದ ಅರ್ಜಿದಾರರು ಒಂದೇ ಸಹಿಯಲ್ಲಿ ತಮ್ಮ ಹೆಸರನ್ನು ಕನ್ನಡ ಮತ್ತು ಮರಾಠಿ ಎರಡರಲ್ಲಿಯೂ ಟೈಪ್ ಮಾಡಬಹುದು.

ಅನೇಕ ಇ-ಮೇಲ್ ತಂತ್ರಾಂಶಗಳು ಸುರಕ್ಷತೆಯ ದೃಷ್ಟಿಯಿಂದ ಚಿತ್ರಗಳನ್ನು ತಡೆಹಿಡಿಯುತ್ತವೆ. ವಿಳಾಸವು ಚಿತ್ರದೊಳಗೆ ಮಾತ್ರ ಇದ್ದಲ್ಲಿ, ಕಚೇರಿಯಲ್ಲಿ ಖಾಲಿ ಚೌಕವಷ್ಟೇ ಕಾಣಬಹುದು. ಮಾಹಿತಿ ಹಕ್ಕು ಅಧಿನಿಯಮ, 2005ರ ಕಲಂ 6(1) ವಿದ್ಯುನ್ಮಾನ ಮಾಧ್ಯಮದ ಮೂಲಕ ಕೋರಿಕೆ ಸಲ್ಲಿಸಲು ಅವಕಾಶ ನೀಡಿದ್ದು, ಕಲಂ 6(2)ರಂತೆ ಅರ್ಜಿದಾರರನ್ನು ಸಂಪರ್ಕಿಸಲು ಅವಶ್ಯವಿರುವ ವಿವರಗಳ ಹೊರತು ಬೇರೆ ವೈಯಕ್ತಿಕ ವಿವರಗಳನ್ನು ಕೇಳುವಂತಿಲ್ಲ. ಆ ಅವಶ್ಯ ವಿವರಗಳೇ ಓದಲು ಸಿಗದಿದ್ದರೆ ಉತ್ತರವನ್ನು ಎಲ್ಲಿಗೆ ಕಳುಹಿಸಬೇಕೆಂಬುದು ತಿಳಿಯುವುದಿಲ್ಲ.

3. ತಾಲ್ಲೂಕಿನ ಹೆಸರು

2017-18ನೇ ಸಾಲಿನ ಆಯವ್ಯಯದಲ್ಲಿ ಘೋಷಿಸಲಾದ ಹೊಸ ತಾಲ್ಲೂಕುಗಳಲ್ಲಿ ನಿಪ್ಪಾಣಿ ಮತ್ತು ಕಾಗವಾಡ ಸೇರಿವೆ. ಅದಕ್ಕೂ ಮೊದಲು ನಿಪ್ಪಾಣಿಯು ಚಿಕ್ಕೋಡಿ ತಾಲ್ಲೂಕಿನಲ್ಲಿಯೂ, ಕಾಗವಾಡವು ಅಥಣಿ ತಾಲ್ಲೂಕಿನಲ್ಲಿಯೂ ಇದ್ದವು. ಶೇಡಬಾಳ, ಐನಾಪುರ, ಉಗಾರ ಖುರ್ದ ಮುಂತಾದ ಊರುಗಳ ಸಂಘಗಳು ಹಳೆಯ ಲೆಟರ್‌ಹೆಡ್‌ನ ಚಿತ್ರವನ್ನೇ ಬಳಸಿದಲ್ಲಿ ಅದರಲ್ಲಿ ಅಥಣಿ ತಾಲ್ಲೂಕು ಎಂದೇ ಉಳಿದು, ಪತ್ರವು ಬೇರೆ ತಾಲ್ಲೂಕು ಕಚೇರಿಗೆ ಹೋಗುವ ಸಂಭವವಿದೆ. ಅಕ್ಷರಗಳಲ್ಲಿದ್ದರೆ ತಿದ್ದುವುದು ಸುಲಭ. ಚಿತ್ರವನ್ನು ಹೊಸದಾಗಿಯೇ ಮಾಡಿಸಬೇಕಾಗುತ್ತದೆ.

4. ಚಿತ್ರರೂಪದ ಸಹಿ ಮತ್ತು ಡಿಜಿಟಲ್ ಸಹಿ

ಕಾಗದದ ಮೇಲೆ ಸಹಿ ಮಾಡಿ, ಸ್ಕ್ಯಾನ್ ಮಾಡಿ ಇ-ಮೇಲ್‌ಗೆ ಸೇರಿಸಿದ ಚಿತ್ರವು ಡಿಜಿಟಲ್ ಸಹಿಯಲ್ಲ. 2000ದ ಅಕ್ಟೋಬರ್ 17ರಂದು ಜಾರಿಗೆ ಬಂದ ಮಾಹಿತಿ ತಂತ್ರಜ್ಞಾನ ಅಧಿನಿಯಮದಂತೆ, ಪರವಾನಗಿ ಪಡೆದ ಪ್ರಮಾಣೀಕರಣ ಪ್ರಾಧಿಕಾರವು ನೀಡಿದ ಪ್ರಮಾಣಪತ್ರದ ಆಧಾರದಲ್ಲಿ ಡಿಜಿಟಲ್ ಸಹಿ ಮಾಡಲಾಗುತ್ತದೆ. ಸಹಿಯಾದ ನಂತರ ದಾಖಲೆಯಲ್ಲಿ ಒಂದಕ್ಷರ ಬದಲಾದರೂ ಪರಿಶೀಲನೆಯಲ್ಲಿ ತಿಳಿದುಬರುತ್ತದೆ. ಚಿತ್ರವನ್ನಾದರೋ ಯಾರು ಬೇಕಾದರೂ ನಕಲಿಸಿ ಬೇರೆ ಪತ್ರಕ್ಕೆ ಅಂಟಿಸಬಹುದು. ಆದ್ದರಿಂದ ಕಾನೂನು ಸಹಿಯನ್ನು ಕಡ್ಡಾಯಗೊಳಿಸಿದ ಕಡೆ ಚಿತ್ರವು ಅದರ ಸ್ಥಾನವನ್ನು ತುಂಬುವುದಿಲ್ಲ.

ನಾಡಕಚೇರಿಗಳ ಮೂಲಕ ನೀಡಲಾಗುವ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳಲ್ಲಿ ಅಧಿಕಾರಿಯ ಡಿಜಿಟಲ್ ಸಹಿ ಇರುತ್ತದೆ. ಅವುಗಳ ನೈಜತೆಯನ್ನು ಆರ್‌ಡಿ ಸಂಖ್ಯೆಯ ಮೂಲಕ ಪರಿಶೀಲಿಸಬಹುದಾಗಿದೆ. ಮೃತ್ಯುಪತ್ರಕ್ಕೆ ಸದರಿ ಅಧಿನಿಯಮವು ಅನ್ವಯಿಸುವುದಿಲ್ಲವಾದ್ದರಿಂದ, ಅದನ್ನು ಡಿಜಿಟಲ್ ಸಹಿಯಿಂದಲೂ ಮಾಡಲಾಗದು.

5. ಸೇರಿಸಬಾರದ ಚಿತ್ರಗಳು

ಅ) ಭಾರತದ ರಾಜ್ಯ ಲಾಂಛನವಾದ ಸಿಂಹಲಾಂಛನ. 2005ರ ಅಧಿನಿಯಮದಂತೆ ಇದರ ಅನಧಿಕೃತ ಬಳಕೆಗೆ ಎರಡು ವರ್ಷಗಳವರೆಗೆ ಕಾರಾವಾಸ ಅಥವಾ 5,000 ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಅರ್ಜಿ ಬರೆದುಕೊಡುವ ಖಾಸಗಿ ಕೇಂದ್ರಗಳು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು.
ಆ) ಆಧಾರ್, ಪ್ಯಾನ್ ಅಥವಾ ಬ್ಯಾಂಕ್ ಪಾಸ್‌ಬುಕ್‌ನ ಚಿತ್ರ. ಕಳುಹಿಸಿದ ಪ್ರತಿ ಪತ್ರದೊಂದಿಗೂ ಇವು ಅಪರಿಚಿತರ ಕೈ ಸೇರುತ್ತವೆ.
ಇ) ಸ್ಕ್ಯಾನ್ ಮಾಡಿದ ಸ್ವಂತ ಸಹಿ. ಬೇಕೆಂದು ಕೇಳಲಾದ ಅರ್ಜಿಗೆ ಮಾತ್ರ ಇದನ್ನು ಲಗತ್ತಿಸುವುದು ಲೇಸು.

6. ಅರ್ಜಿದಾರರ ಗಮನಕ್ಕೆ

ಜಾತಿ, ಆದಾಯ ಮುಂತಾದ ಪ್ರಮಾಣಪತ್ರಗಳಿಗೆ ಇ-ಮೇಲ್ ಪತ್ರವು ಅರ್ಜಿಯಾಗುವುದಿಲ್ಲ. ಅಂತಹ ಅರ್ಜಿಯನ್ನು ನಾಡಕಚೇರಿಯಲ್ಲಿ ಅಥವಾ ನಿಗದಿತ ಜಾಲತಾಣದಲ್ಲಿ ಸಲ್ಲಿಸಿ, ಸಂಖ್ಯೆಯುಳ್ಳ ಸ್ವೀಕೃತಿ ಪತ್ರವನ್ನು ಪಡೆಯತಕ್ಕದ್ದು. ಸಕಾಲ ಸೇವೆಗಳಲ್ಲಿ ಅರ್ಜಿಯ ಸ್ಥಿತಿಯನ್ನು ತಿಳಿಯಲು ಹಾಗೂ ವಿಳಂಬವಾದಲ್ಲಿ ಮೇಲ್ಮನವಿ ಸಲ್ಲಿಸಲು ಸ್ವೀಕೃತಿಯೇ ಆಧಾರವಾಗಿರುತ್ತದೆ.

ಹೊಸ ಸಹಿಯನ್ನು ಸಿದ್ಧಪಡಿಸಿದ ನಂತರ ಮೊದಲು ಪರಿಚಿತರೊಬ್ಬರಿಗೆ ಪತ್ರ ಕಳುಹಿಸಿ, ಚಿತ್ರ ಕಾಣದಿದ್ದರೂ ಹೆಸರು, ಗ್ರಾಮ, ತಾಲ್ಲೂಕು ಮತ್ತು ದೂರವಾಣಿ ಸಂಖ್ಯೆ ಓದಲು ಬರುವುದನ್ನು ಖಚಿತಪಡಿಸಿಕೊಳ್ಳುವುದು ಸೂಕ್ತ.