ಒಳಗಿವಿಯ ಪರಿಶೋಧನೆಯ ಚರಿತ್ರೆ

ಶ್ರೋತ್ರೇಂದ್ರಿಯವೆಂದರೆ ಕರ್ಣಶಷ್ಕುಲಿಯಿಂದ ಪರಿಚ್ಛಿನ್ನವಾದ ಆಕಾಶವೇ ಹೊರತು ಬೇರೊಂದಲ್ಲವೆಂದು ನಮ್ಮ ನೈಯಾಯಿಕರು ಸಾಧಿಸಿದರು. ಶಬ್ದವು ಆಕಾಶದ ಗುಣವಾದುದರಿಂದ ಅದನ್ನು ಗ್ರಹಿಸತಕ್ಕ ಇಂದ್ರಿಯವೂ ಆಕಾಶವೇ ಆಗಿರಬೇಕೆಂಬುದು ಅವರ ಯುಕ್ತಿ. ಭೇರಿಯಲ್ಲಿ ಹುಟ್ಟಿದ ಶಬ್ದವು ಕಿವಿಯನ್ನು ಮುಟ್ಟುವ ಬಗೆಗೆ ಅವರು ಹೇಳಿದ ವೀಚೀತರಂಗನ್ಯಾಯ, ಕದಂಬಮುಕುಲನ್ಯಾಯಗಳನ್ನು ಪಾಠಶಾಲೆಯಲ್ಲಿ ಓದಿದವರೆಲ್ಲರೂ ಬಲ್ಲರು. ಶಷ್ಕುಲಿಯೆಂಬುದು ಒಂದು ಕರಿದ ಭಕ್ಷ್ಯದ ಹೆಸರು. ನಮ್ಮ ಚಕ್ಕುಲಿಯೆಂಬ ಮಾತು ಅದರಿಂದಲೇ ಬಂದುದೆಂದು ಪಂಡಿತರ ಮತ. ಹೊರಗೆ ಕಾಣುವ ಕಿವಿಗೆ ಇಟ್ಟ ಈ ಹೆಸರು, ಅಂದು ಯಾರೂ ಕಂಡರಿಯದ ಒಳಗಿವಿಯ ಸುರುಳಿಗೇ ಹೆಚ್ಚು ಒಪ್ಪುವುದು ವಿನೋದವಾಗಿದೆ. ಇಷ್ಟರಿಂದಲೇ ಪೂರ್ವಿಕರು ಎಲ್ಲವನ್ನೂ ಬಲ್ಲವರಾಗಿದ್ದರೆಂದು ಸಾಧಿಸುವ ಇಚ್ಛೆ ನನಗಿಲ್ಲ.

ಗ್ರೀಸ್ ದೇಶದ ಅರಿಸ್ಟಾಟಲನ ಮತವೂ ಇದಕ್ಕೆ ಬಹು ದೂರವಾದುದಲ್ಲ. ಕಿವಿಯೊಳಗೆ ಹುಟ್ಟಿನಿಂದಲೇ ನೆಲೆಸಿದ ನಿಶ್ಚಲವಾದ ವಾಯುವೊಂದುಂಟು, ಹೊರಗಿನ ವಾಯುವಿನ ಚಲನೆಯನ್ನು ಗ್ರಹಿಸುವುದು ಅದೇ ಎಂದು ಅವನು ಹೇಳಿದನು. ಈ ಸಹಜವಾಯುವಿನ ವಾದವು ಯೂರೋಪಿನಲ್ಲಿ ಸುಮಾರು ಎರಡು ಸಾವಿರ ವರ್ಷ ನಿಂತಿತು. 1543ರಲ್ಲಿ ವೆಸಾಲಿಯಸನು ಕಿವಿಯ ಸುತ್ತಿಗೆ, ಅಡಿಗಲ್ಲು ಎಂಬ ಪುಟ್ಟ ಎಲುಬುಗಳನ್ನು ವರ್ಣಿಸಿದನು. ರಿಕಾಪಿನಂತಿರುವ ಮೂರನೆಯದೂ ಅನತಿಕಾಲದಲ್ಲಿ ಕಂಡುಬಂತು. 1561ರಲ್ಲಿ ಫಲ್ಲೋಪ್ಪಿಯೋ ಎಂಬವನು ಒಳಗಿನ ಸುರುಳಿಗೆ ಬಸವನಹುಳುವಿನ ಚಿಪ್ಪಿನ ಹೆಸರನ್ನಿಟ್ಟನು. ಎಲುಬುಗಳೆಲ್ಲ ಬೆಳಕಿಗೆ ಬಂದರೂ ಆ ಚಿಪ್ಪಿನೊಳಗೆ ತುಂಬಿರುವುದು ವಾಯುವೇ ಎಂಬ ನಂಬಿಕೆ ಮಾತ್ರ ಕದಲಲಿಲ್ಲ.

ಅದನ್ನು ಕದಲಿಸಿದವನು ನೇಪಲ್ಸ್ ನಗರದ ದೊಮೆನಿಕೋ ಕೊತುನ್ಯೋ. 1736ರಲ್ಲಿ ಹುಟ್ಟಿದ ಈತನು ತನ್ನ ಪ್ರಬಂಧವನ್ನು ಪ್ರಕಟಿಸಿದುದು 1761ರಲ್ಲಿ. ಸತ್ತು ಬಹಳ ಹೊತ್ತಾದ ಶರೀರದಲ್ಲಿ ಒಳಗಿವಿಯ ದ್ರವವು ಆರಿಹೋಗಿರುತ್ತದೆ. ಇದ್ದರೂ ಕೆಲವೇ ತೊಟ್ಟುಗಳಾದುದರಿಂದ ಉಳಿಯ ಮೊದಲ ಏಟಿಗೇ ಹರಿದುಹೋಗುತ್ತದೆ. ಬಳಿಕ ಕಾಣುವುದು ಬರಿಯ ಪೊಳ್ಳು. ಪೊಳ್ಳಿನಲ್ಲಿ ವಾಯುವಲ್ಲದೆ ಮತ್ತೇನಿದ್ದೀತು? ಕೊತುನ್ಯೋ ಆಗತಾನೆ ಪ್ರಾಣಬಿಟ್ಟವರ ಕಿವಿಗಳನ್ನು ಎಚ್ಚರದಿಂದ ತೆರೆದು, ಆ ಬಿಲವೆಲ್ಲವೂ ನೀರಿನಂಥ ದ್ರವದಿಂದ ತುಂಬಿದೆಯೆಂದು ತೋರಿಸಿದನು. 1777ರಲ್ಲಿ ಮೆಕೆಲನು ಕಿವಿಯ ಎಲುಬನ್ನು ಹೆಪ್ಪುಗಟ್ಟುವ ಚಳಿಯಲ್ಲಿಟ್ಟು ಒಡೆದು ನೋಡಲು, ಒಳಗೆಲ್ಲ ಮಂಜುಗಡ್ಡೆ. ಸಹಜವಾಯುವಿನ ಕಥೆ ಅಲ್ಲಿಗೆ ಮುಗಿಯಿತು.

ಒಳಗೆ ನೀರಿದೆಯೆಂದು ತಿಳಿದ ಮೇಲೆ ಉಳಿದ ರಚನೆಯೂ ಅರ್ಥವಾಗತೊಡಗಿತು. ಕೆರೆಯಲ್ಲಿ ಮುಳುಗಿದವನಿಗೆ ದಡದ ಮಾತು ಸರಿಯಾಗಿ ಕೇಳಿಸದು. ಗಾಳಿಯ ಶಬ್ದವು ನೀರಿಗೆ ತಗುಲಿ ಬಹುಪಾಲು ಹಿಂದಿರುಗುತ್ತದೆ. ಆದಕಾರಣವೇ ತಮಟೆಯ ಚರ್ಮದಂತಿರುವ ವಿಶಾಲವಾದ ಪೊರೆಯ ಮೇಲೆ ಬಿದ್ದ ಒತ್ತಡವನ್ನು ಆ ಮೂರು ಎಲುಬುಗಳು ರಿಕಾಪಿನ ಕಿರಿದಾದ ಪಾದಕ್ಕೆ ಒಯ್ದು, ಸುಮಾರು 20 ಪಟ್ಟು ಹೆಚ್ಚಿಸಿ ದ್ರವಕ್ಕೆ ಕೊಡುತ್ತವೆ. ನೀರನ್ನು ಅದುಮಿ ಕುಗ್ಗಿಸಲಾಗದು. ರಿಕಾಪು ಒಂದು ಕಿಟಕಿಯಲ್ಲಿ ಒಳಕ್ಕೆ ಒತ್ತಿದಾಗ ಮತ್ತೊಂದು ಕಿಟಕಿಯ ಪೊರೆ ಹೊರಕ್ಕೆ ಉಬ್ಬುತ್ತದೆ.

1851ರಲ್ಲಿ ಆಲ್ಫೋನ್ಸೋ ಕೋರ್ಟಿಯು ಸೂಕ್ಷ್ಮದರ್ಶಕದಿಂದ ಆ ಸುರುಳಿಯೊಳಗಿನ ರೋಮಕೋಶಗಳ ಸಾಲುಗಳನ್ನು ಕಂಡನು. ಅವು ನಿಂತಿರುವ ಪೊರೆ ಸುಮಾರು 35 ಮಿಲಿಮೀಟರ್ ಉದ್ದ. ಬುಡದಲ್ಲಿ ಕಿರಿದು, ತುದಿಯಲ್ಲಿ ಅಗಲ. 1863ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸನು ಇದನ್ನು ತಂತಿವಾದ್ಯಕ್ಕೆ ಹೋಲಿಸಿ, ಒಂದೊಂದು ಸ್ವರಕ್ಕೆ ಒಂದೊಂದು ಸ್ಥಾನವು ಮಿಡಿಯುವುದೆಂದನು. ನಿಜಕ್ಕೂ ತಾರಸ್ವರಗಳ ಸ್ಥಾನ ಬುಡ, ಮಂದ್ರದ್ದು ತುದಿ. ಆದರೆ ನೀರಿನಲ್ಲಿ ಮುಳುಗಿದ ತಂತಿ ಅಷ್ಟು ಚೆನ್ನಾಗಿ ನುಡಿಯುವುದೆಂತು?

ಬುಡಾಪೆಸ್ಟಿನಲ್ಲಿ ಟೆಲಿಫೋನ್ ಸಂಶೋಧನೆ ನಡೆಸುತ್ತಿದ್ದ ಬೇಕೇಶಿ ಎಂಬ ವಿದ್ವಾಂಸನು ಮೃತರ ಕಿವಿಗಳನ್ನು ಪರೀಕ್ಷಿಸಿ, ಆ ಪೊರೆಯ ಮೇಲೆ ಅಲೆಯೊಂದು ಬುಡದಿಂದ ತುದಿಯ ಕಡೆಗೆ ಸಾಗುವುದನ್ನು ಕಣ್ಣಾರೆ ಕಂಡು 1928ರಲ್ಲಿ ಪ್ರಕಟಿಸಿದನು; ಇದೇ ಶೋಧನೆಗಾಗಿ 1961ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು. ವೀಚೀತರಂಗವೇ ಸರಿ! ಆದರೂ ಆ ಅಲೆ ಬಹು ಅಗಲವಾಗಿತ್ತು. ನಮ್ಮ ಕಿವಿ ಸಮೀಪದ ಎರಡು ಶ್ರುತಿಗಳನ್ನು ಬೇರ್ಪಡಿಸುವ ಸೂಕ್ಷ್ಮತೆ ಅದರಲ್ಲಿರಲಿಲ್ಲ. ಕೊತುನ್ಯೋವಿನ ಪೂರ್ವಿಕರನ್ನು ವಂಚಿಸಿದ ಮೃತ ಕರ್ಣವು ಇಲ್ಲಿಯೂ ಸ್ವಲ್ಪ ವಂಚಿಸಿತ್ತು. ಕಿವಿಯು ತನ್ನ ಬಲವನ್ನೂ ಸೇರಿಸಿ ಕೇಳುತ್ತಿರಬೇಕೆಂದು 1948ರಲ್ಲಿ ಗೋಲ್ಡ್ ಎಂಬಾತನು ವಾದಿಸಿದಾಗ ಯಾರೂ ಹೆಚ್ಚಾಗಿ ಲಕ್ಷಿಸಲಿಲ್ಲ. 1971ರಲ್ಲಿ ರೋಡ್ ಎಂಬವನು ಜೀವಂತ ಕೋತಿಗಳ ಕಿವಿಯಲ್ಲಿ ಅಳೆದು ನೋಡಲು, ಮಂದವಾದ ಶಬ್ದಕ್ಕೆ ಅಲೆ ಹೆಚ್ಚು ತೀಕ್ಷ್ಣವಾಗಿ ಏಳುತ್ತಿತ್ತು. ಪ್ರಾಣಿ ಸತ್ತೊಡನೆ ಆ ಗುಣವೂ ಅಡಗಿತು. ಹೊರಸಾಲಿನ ಸುಮಾರು 12,000 ರೋಮಕೋಶಗಳು ಶಬ್ದಕ್ಕೆ ತಕ್ಕಂತೆ ತಾವೇ ಕುಗ್ಗಿ ಹಿಗ್ಗಿ ಅಲೆಯನ್ನು ಎತ್ತಿಕೊಡುತ್ತವೆಂಬುದು ಈಗ ತಿಳಿದಿದೆ. ಮನುಷ್ಯರಲ್ಲಿ ಇವು ಒಮ್ಮೆ ನಾಶವಾದರೆ ಮತ್ತೆ ಹುಟ್ಟುವುದಿಲ್ಲ.

ಈ ಕೋಶಗಳ ಚಲನೆಯಿಂದ ಕಿವಿಯೇ ಅತಿ ಸಣ್ಣ ಧ್ವನಿಯನ್ನು ಹೊರಕ್ಕೆ ಬಿಡುತ್ತದೆಂದು 1978ರಲ್ಲಿ ಲಂಡನ್ನಿನ ಡೇವಿಡ್ ಕೆಂಪ್ ಪ್ರಕಟಿಸಿದನು. ಈಗ ಹಸುಗೂಸು ನಿದ್ದೆಹೋಗಿರುವಾಗಲೇ ಅದರ ಕಿವಿಯಲ್ಲಿ ಸಣ್ಣ ನಳಿಗೆಯನ್ನಿಟ್ಟು, ಟಿಕ್ಕೆಂಬ ಸದ್ದನ್ನು ಕಳುಹಿಸಿ, ಒಳಗಿನಿಂದ ಮಾರುತ್ತರ ಬರುವುದೋ ಇಲ್ಲವೋ ಎಂದು ಕಾಯುತ್ತಾರೆ. ಉತ್ತರ ಬಾರದ ಕೂಸನ್ನು ಮುಂದಿನ ಪರೀಕ್ಷೆಗೆ ಕರೆಯಿಸುತ್ತಾರೆ.